ಸತ್ಯಕ್ಕೆ ಪೀಠ ಬೇಕೆ?

ವಾಚಕ ಬಂಧುಗಳೇ, ಯಾರೂ ಅರಿಯದ ಸತ್ಯವೊಂದು ಇರಬಲ್ಲುದೆ? ಮಠದ ಆಶ್ರಯದಲ್ಲಿ ಓದಿ ಬೆಳೆದ ತಮಗೆ ಈ ಪ್ರಶ್ನೆ ಹೊಸದಲ್ಲ. ಇರಬಲ್ಲುದೆಂದು ನಿಸ್ಸಂಶಯವಾಗಿ ಉತ್ತರಿಸಿದವನು ಪ್ರಾಗ್ ನಗರದ ಪಾದ್ರಿಯೂ ಗಣಿತಜ್ಞನೂ ಆದ ಬರ್ನಾರ್ಡ್ ಬೊಲ್ಜಾನೊ. ಆಸ್ಟ್ರಿಯದ ತತ್ತ್ವಚಿಂತನೆಯ ಬೇರುಗಳನ್ನು ಅರಸುವಾಗ ನನ್ನ ಮನಸ್ಸು ಮತ್ತೆ ಮತ್ತೆ ಈತನ ಬಳಿಯೇ ನಿಲ್ಲುತ್ತದೆ.

1781ರಲ್ಲಿ ಜನಿಸಿದ ಬೊಲ್ಜಾನೊ 1805ರಲ್ಲಿ ದೀಕ್ಷೆ ಪಡೆದು, ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಧರ್ಮಬೋಧೆಯ ಪ್ರಾಧ್ಯಾಪಕನಾದನು. ಪ್ರಾಗ್ ಆಗ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿತ್ತು. ಮಾನವರ ಸಮಾನತೆಯನ್ನೂ ಯುದ್ಧದ ಕೇಡನ್ನೂ ಕುರಿತು ವಿದ್ಯಾರ್ಥಿಗಳಿಗೆ ಆತ ನೀಡಿದ ಪ್ರವಚನಗಳು ಅರಸೊತ್ತಿಗೆಗೆ ರುಚಿಸಲಿಲ್ಲ. 1819ರ ಡಿಸೆಂಬರಿನಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಆತ ಪದಚ್ಯುತನಾದನು.

ಪೀಠ ಹೋಯಿತು, ಚಿಂತನೆ ನಿಲ್ಲಲಿಲ್ಲ. ಮಿತ್ರರ ಆಶ್ರಯದಲ್ಲಿ ಬಾಳಿದ ಆತನ ನಾಲ್ಕು ಸಂಪುಟಗಳ ತರ್ಕಗ್ರಂಥ 'ವಿಜ್ಞಾನ ಸಿದ್ಧಾಂತ'ವು 1837ರಲ್ಲಿ, ಆಸ್ಟ್ರಿಯದ ಗಡಿಯಾಚೆ, ಬವೇರಿಯದ ಸುಲ್ಜ್‌ಬಾಖ್‌ನಲ್ಲಿ ಪ್ರಕಟವಾಯಿತು.

ಅದರಲ್ಲೊಂದು ಸರಳ ನಿದರ್ಶನವಿದೆ. ಹೋದ ವಸಂತದಲ್ಲಿ ಒಂದು ಮರ ತಳೆದ ಹೂಗಳನ್ನು ಯಾರೂ ಎಣಿಸಿಲ್ಲವೆನ್ನಿ. ಆದರೂ ಆ ಹೂಗಳಿಗೊಂದು ನಿಶ್ಚಿತ ಸಂಖ್ಯೆ ಇದ್ದೇ ಇತ್ತು. ಆ ಸಂಖ್ಯೆಯನ್ನು ಹೇಳುವ ವಾಕ್ಯ ಯಾರ ಬಾಯಲ್ಲಿ ಬರದಿದ್ದರೂ, ಯಾರ ಮನದಲ್ಲಿ ಮೂಡದಿದ್ದರೂ ಸತ್ಯವೇ. ಸರ್ವಜ್ಞನಾದ ದೇವರು ಅದನ್ನು ಬಲ್ಲನೆಂಬುದನ್ನು ಆತ ಒಪ್ಪುತ್ತಾನೆ. ಆದರೆ ದೇವರು ಬಲ್ಲನೆಂಬ ಕಾರಣಕ್ಕೆ ಅದು ಸತ್ಯವಾಗುವುದಿಲ್ಲ. ಅದು ಹಾಗಿರುವುದರಿಂದಲೇ ದೇವರು ಹಾಗೆಂದು ಬಲ್ಲನು. ಶ್ರದ್ಧಾವಂತನಾದ ಪಾದ್ರಿಯೊಬ್ಬನ ಬಾಯಿಂದ ಬಂದ ಈ ಮಾತಿನ ಧೈರ್ಯವನ್ನು ತಾವು ಗಮನಿಸಬೇಕು.

ಹೀಗೆ ತರ್ಕವು ಮನೋವ್ಯಾಪಾರಗಳ ವರ್ಣನೆಯಿಂದ ಬಿಡುಗಡೆ ಹೊಂದಿತು. ಒಂದು ಮಾತಿನಿಂದ ಇನ್ನೊಂದು ಫಲಿಸುವುದೆಂದರೇನು? ಎರಡರಲ್ಲಿಯೂ ಬರುವ ಕೆಲವು ಪದಾರ್ಥಗಳನ್ನು ತೆಗೆದು ಬೇರೆಯವನ್ನಿಟ್ಟು ನೋಡಬೇಕು. ಮೊದಲನೆಯದು ಸತ್ಯವಾದಾಗಲೆಲ್ಲ ಎರಡನೆಯದೂ ಸತ್ಯವಾದರೆ ಅದೇ ಫಲಿತ. ಇದನ್ನು ಹೋಲುವ ಲಕ್ಷಣವನ್ನು ಪೋಲೆಂಡಿನ ಟಾರ್ಸ್ಕಿ ನಿರೂಪಿಸಿದ್ದು 1936ರಲ್ಲಿ, ಸುಮಾರು ನೂರು ವರ್ಷಗಳ ತರುವಾಯ.

1848ರಲ್ಲಿ ಬೊಲ್ಜಾನೊ ತೀರಿಕೊಂಡಾಗ ಈ ಗ್ರಂಥದ ಮಹತ್ತ್ವವನ್ನು ಅರಿತವರು ವಿರಳ. ವಿಯೆನ್ನಾದ ಬ್ರೆಂಟಾನೊವಿನ ಶಿಷ್ಯನಾಗಿದ್ದ ಹುಸರ್ಲ್ 1900ರಲ್ಲಿ ತನ್ನ 'ತಾರ್ಕಿಕ ಅನ್ವೇಷಣೆಗಳು' ಕೃತಿಯಲ್ಲಿ ಈತನನ್ನು ಮಹಾತಾರ್ಕಿಕರ ಸಾಲಿನಲ್ಲಿ ನಿಲ್ಲಿಸಿದನು.

ಬಂಧುಗಳೇ, ಈ ವಿಚಾರ ನನಗೆ ಸಮಾಧಾನವನ್ನೂ ಎಚ್ಚರವನ್ನೂ ಒಟ್ಟಿಗೇ ನೀಡಿದೆ. ಕೇಳುವವರಿಲ್ಲದೆ ಹೋದರೂ ಸತ್ಯಕ್ಕೆ ಕುಂದಿಲ್ಲವೆಂಬುದು ಸಮಾಧಾನ. ನಾನು ಗಾಢವಾಗಿ ನಂಬಿದ ಮಾತ್ರಕ್ಕೆ ಯಾವುದೂ ಸತ್ಯವಾಗದೆಂಬುದು ಎಚ್ಚರ. ಸಾಧಕನಿಗೆ ಇವೆರಡೂ ಬೇಕು.