ಬೆರಳ ತುದಿಯಲ್ಲಿ ಜೇಮ್ಸ್‌ಟೌನ್

ಅಮೆರಿಕದ ಹದಿಮೂರು ವಸಾಹತುಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸುವ ಮಗು ಭೂಪಟದ ಮುಂದೆ ನಿಂತಾಗ ತಡವರಿಸುತ್ತದೆ. ಹೆತ್ತವರು ಮಾಡಬಹುದಾದ ಉಪಾಯ ಸುಲಭ. ಪಟ್ಟಿಯನ್ನು ಬದಿಗಿಟ್ಟು ಅಟ್ಲಾಸ್ ತೆರೆಯಬೇಕು. ಚೆಸಪೀಕ್ ಕೊಲ್ಲಿಯಿಂದ ಜೇಮ್ಸ್ ನದಿಯ ಗುಂಟ ಮಗುವಿನ ಬೆರಳನ್ನು ಒಳನಾಡಿನತ್ತ ನಡೆಸಬೇಕು.

ಬಲದಂಡೆಯೋ ಎಡದಂಡೆಯೋ ಎಂಬ ಗೊಂದಲ ಬೇಡ. ಉತ್ತರದ ದಡದಲ್ಲೇ ಇದೆ ಜೇಮ್ಸ್‌ಟೌನ್. 1607ರ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ ನೂರಕ್ಕೂ ಹೆಚ್ಚು ಇಂಗ್ಲಿಷರು ಇಲ್ಲಿ ಇಳಿದರು. ಸುತ್ತ ಬಹುಪಾಲು ನೀರು, ಸ್ಪೇನಿನ ಹಡಗುಗಳಿಗೆ ಸುಲಭವಾಗಿ ಕಾಣದಷ್ಟು ಒಳಗೆ. ದಡದ ಬಳಿಯೇ ನದಿ ಎಷ್ಟು ಆಳವೆಂದರೆ ಹಡಗನ್ನು ತಂದು ಮರಕ್ಕೇ ಕಟ್ಟಬಹುದಿತ್ತು. ಸೈನಿಕನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಕ್ಕಲಿಗನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದ.

ಏಕೆಂದರೆ ನೆಲ ಜೌಗು. ಸಮುದ್ರದ ಉಬ್ಬರ ಅಲ್ಲಿಯವರೆಗೂ ಏರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕುಡಿಯುವ ನೀರೇ ಉಪ್ಪಾಗುತ್ತದೆ. ಆ ಸೀಮೆಯ ಮೂಲನಿವಾಸಿಗಳಾದ ಪೊವ್ಹಾಟನ್ ಜನ ಅಲ್ಲಿ ಊರು ಕಟ್ಟಿರಲಿಲ್ಲ. ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೆಲವೇ ತಿಂಗಳುಗಳಲ್ಲಿ ಸತ್ತರು. 1609-10ರ ಚಳಿಗಾಲದ ಹಸಿವಿನಲ್ಲಿ ಸುಮಾರು ಮುನ್ನೂರು ಜನರ ಪೈಕಿ ಉಳಿದವರು ಅರವತ್ತರಷ್ಟು. 1606ರಿಂದ 1612ರವರೆಗೆ ಅಲ್ಲಿ ಘೋರ ಬರವಿತ್ತೆಂದು ಹಳೆಯ ಮರಗಳ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು 1998ರಲ್ಲಿ ತಿಳಿಸಿದರು.

ವಸಾಹತನ್ನು ಉಳಿಸಿದ್ದು ಜಾನ್ ರಾಲ್ಫ್ 1612ರ ಸುಮಾರಿಗೆ ಬೆಳೆದ ತಂಬಾಕು. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಇಂದಿಗೂ ಬೆಳೆಯುವ ‘ವರ್ಜೀನಿಯಾ ತಂಬಾಕು’ ತನ್ನ ಹೆಸರನ್ನು ಪಡೆದದ್ದು ಈ ಸೀಮೆಯಿಂದಲೇ. ನದಿಗಳು ಅಗಲವಾಗಿದ್ದುದರಿಂದ ಹಡಗುಗಳು ತೋಟದ ಕಟ್ಟೆಗೇ ಬಂದು ಸರಕು ತುಂಬಿಕೊಂಡವು. ಹೀಗಾಗಿ ದೊಡ್ಡ ಪಟ್ಟಣಗಳು ಬೇಗ ಬೆಳೆಯಲಿಲ್ಲ. ಬೆಳೆದದ್ದು ಭೂಮಿಯ ಹಸಿವು. ಅದು ಪೊವ್ಹಾಟನ್ನರ ಮೆಕ್ಕೆಜೋಳದ ಹೊಲಗಳನ್ನು ನುಂಗಿತು. ಸೆರೆಹಿಡಿದು ತಂದ ಆಫ್ರಿಕನ್ನರನ್ನು ಹೊತ್ತ ಹಡಗು 1619ರಲ್ಲಿ ಇದೇ ನದಿಯ ಮುಖಕ್ಕೆ ಬಂತು. ಮಕ್ಕಳಿಗೆ ಇದನ್ನು ಮರೆಮಾಚಬೇಕಿಲ್ಲ.

ಅದೇ ಬೆರಳನ್ನು ಕರಾವಳಿಯ ಗುಂಟ ಉತ್ತರಕ್ಕೆ ಸರಿಸಿದರೆ 1620ರ ಪ್ಲಿಮತ್. ಹಿಮನದಿಗಳು ಬಿಟ್ಟುಹೋದ ಕಲ್ಲುನೆಲ, ಗಿಡ್ಡ ಬೇಸಿಗೆ. ತಂಬಾಕಿನ ದೊಡ್ಡ ತೋಟ ಅಲ್ಲಿ ಆಗದ ಮಾತು. ಆ ಕರಾವಳಿಯ ಜನ ಮೀನು, ಮರ, ಹಡಗು ಕಟ್ಟುವ ಕಸುಬು ಹಿಡಿದರು.

ಜೇಮ್ಸ್‌ಟೌನ್ ಕೋಟೆ ನದಿಪಾಲಾಯಿತೆಂದೇ ಬಹುಕಾಲ ನಂಬಲಾಗಿತ್ತು. 1994ರಲ್ಲಿ ಆರಂಭವಾದ ಉತ್ಖನನದಲ್ಲಿ ಅದರ ಬಹುಭಾಗ ಮಣ್ಣಿನಡಿ ಸಿಕ್ಕಿತು. ಈಗ ಕಡಲ ಮಟ್ಟ ಏರುತ್ತಿದೆ, ತಗ್ಗು ನೆಲಕ್ಕೆ ನೀರು ನುಗ್ಗುತ್ತಿದೆ. ಅಗೆಯುವವರು ಅವಸರದಲ್ಲಿದ್ದಾರೆ.