ಮೊಬೈಲ್ ಒಂದು, ಆಟಗಾರರು ಮೂವರು

ಕುಂದಗೋಳದ ಒಂದು ಮನೆ. ಮನೆಯಲ್ಲಿ ಮೂವರು ಮಕ್ಕಳು. ಮೂವರಿಗೂ ಸೇರಿ ಮೊಬೈಲ್ ಒಂದೇ. 2020ರಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಪಾಠಕ್ಕೆಂದು ಅಪ್ಪ ಶೇಂಗಾ ಮಾರಿದ ದುಡ್ಡಿನಲ್ಲಿ ಕೊಂಡು ತಂದದ್ದು. ಶಾಲೆಗಳು ಮತ್ತೆ ತೆರೆದವು, ಪಾಠ ಕರಿಹಲಗೆಗೆ ಮರಳಿತು. ಮೊಬೈಲ್ ಮಾತ್ರ ಮಕ್ಕಳ ಕೈಯಿಂದ ಇಳಿಯಲಿಲ್ಲ.

ಬೇಸಿಗೆ ರಜೆ ಬಂತೆಂದರೆ ಕೇಳುವುದೇ ಬೇಡ. ಹೊರಗೆ ಎರೆಹೊಲ ಬಾಯಿ ಬಿಡುವಂಥ ಬಿಸಿಲು. ಒಳಗೆ ಪಡಸಾಲೆಯಲ್ಲಿ ಸರದಿಯ ಆಟ, ಒಬ್ಬೊಬ್ಬರಿಗೆ ಅರ್ಧ ತಾಸು.

ಹಿರಿಯ ಮಗ ಪಿಯುಸಿ ವಿದ್ಯಾರ್ಥಿ. ಕಾರ್ ರೇಸಿನ ಆಟಕ್ಕೆ ಕುಳಿತರೆ ಯಾವ ತಿರುವಿನಲ್ಲಿ ವೇಗ ತಗ್ಗಿಸಬೇಕು, ಎಲ್ಲಿ ಹೆಚ್ಚಿಸಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಮೊದಲ ಸ್ಥಾನ ಬರುವವರೆಗೆ ಬಿಡುವವನಲ್ಲ. ಎರಡನೆಯವಳು ಒಂಬತ್ತನೆಯ ಇಯತ್ತೆಯ ಮಗಳು. ಅವಳಿಗೆ ಕಾರು ಬೇಡ, ಲೂಡೋ ಬೇಕು. ಅದೂ ಹುಬ್ಬಳ್ಳಿಯಲ್ಲಿರುವ ಸೋದರಮಾವನ ಮಗಳ ಜೊತೆಗೇ ಆಗಬೇಕು. ಕಾಯಿ ಯಾರದು ಹೋಯಿತು, ಯಾರದು ಹಣ್ಣಾಯಿತು ಎಂಬುದು ನೆಪಕ್ಕಷ್ಟೆ. ಆಟ ಕಾಲು ಪಾಲು, ಮಾತು ಮುಕ್ಕಾಲು ಪಾಲು. ಕಿರಿಯವನು ಆರನೆಯ ಇಯತ್ತೆ. ಅಣ್ಣ ಆಡುವ ಕಾರಿನ ಆಟವನ್ನೇ ಆಡುತ್ತಾನೆ. ಆದರೆ ಶಿಳ್ಳೆ ಊದಿದ ಕೂಡಲೇ ಕಾರನ್ನು ಹಿಂದಕ್ಕೆ ತಿರುಗಿಸುತ್ತಾನೆ! ರಸ್ತೆ ಬಿಟ್ಟು ಹುಲ್ಲಿನ ಮೇಲೆ, ಹುಲ್ಲು ಬಿಟ್ಟು ಗುಡ್ಡದ ಕಡೆಗೆ. ಪ್ರತಿಸಲವೂ ಕಡೆಯ ಸ್ಥಾನ.

ಅಪ್ಪನಿಗೆ ಹಿರಿಯವನ ಬಗ್ಗೆ ಒಳಗೊಳಗೇ ಹೆಮ್ಮೆ. "ಆಡಿದ್ರ ಹಿಂಗ ಆಡಬೇಕು" ಎನ್ನುತ್ತಿದ್ದ. ಕಿರಿಯವನಿಗೆ ಮಾತ್ರ ದಿನವೂ ಮಂಗಳಾರತಿ: "ಎಲ್ಲಾರೂ ಮುಂದ ಹೊಂಟ್ರ ನೀ ಒಬ್ಬಾವ ಹಿಂದ ಹೊಂಟೀಯಲ್ಲೋ! ಸಾಲಿಯೊಳಗೂ ಹಿಂಗ ಮಾಡ್ತೀಯೇನು?"

ಇಂಥ ಬೇರೆತನವನ್ನು ಬಹಳ ಹಿಂದೆಯೇ ಗಮನಿಸಿದವರಿದ್ದಾರೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಹಲವರು ಕೂಡಿ ಆಡುವ ಕಂಪ್ಯೂಟರ್ ಆಟವೊಂದನ್ನು ಕಟ್ಟಿದರು. ಅದರಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರಗಳು. ಅಂಥ ಆಟಗಳನ್ನು ಆಡುವವರನ್ನು ನೋಡುತ್ತ ಬಂದ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದು, ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅಂಕ ಮತ್ತು ಸ್ಥಾನ ಗಳಿಸಲು ಆಡುವವರು ಒಂದು ಬಗೆ. ಆಟದ ಮೂಲೆಮೂಲೆಯನ್ನೂ ಶೋಧಿಸುವವರು ಇನ್ನೊಂದು. ಜೊತೆಗಾರರ ಒಡನಾಟಕ್ಕಾಗಿ ಬರುವವರು ಮೂರನೆಯವರು. ಎದುರಾಳಿಯನ್ನು ಮಣಿಸುವುದರಲ್ಲೇ ಸುಖ ಕಾಣುವವರು ನಾಲ್ಕನೆಯವರು. ಆಟ ಒಂದೇ ಆದರೂ ಅದರಿಂದ ಪಡೆಯುವ ಸಂತೋಷ ಬೇರೆ ಬೇರೆ. ಒಬ್ಬನಲ್ಲೇ ಎರಡು ಮೂರು ಗುಣ ಬೆರೆತಿರುವುದೂ ಉಂಟು.

ಕುಂದಗೋಳದವರಿಗೆ ಇದೇನೂ ಹೊಸ ಮಾತಲ್ಲ. ಸವಾಯಿ ಗಂಧರ್ವರ ಊರು ಇದು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಇದ್ದು ಕಲಿತರು. ಗುರು ಒಬ್ಬರೇ, ಘರಾಣೆಯೂ ಒಂದೇ. ಆದರೆ ಕಣ್ಣು ಮುಚ್ಚಿ ಕೇಳಿದರೂ ಇದು ಗಂಗಜ್ಜಿಯ ದನಿ, ಇದು ಭೀಮಸೇನರ ತಾನು ಎಂದು ಊರಿನ ಹಿರಿಯರು ಹೇಳಬಲ್ಲರು. ಹಾಡಿಕೆಯಲ್ಲಿ ಒಪ್ಪುವ ಮಾತನ್ನು ಮಕ್ಕಳ ಆಟದಲ್ಲಿ ಒಪ್ಪಲು ಪಾಲಕರಿಗೆ ಏಕೋ ಕಷ್ಟ.

ರಜೆ ಮುಗಿಯಿತು. ಅಷ್ಟರಲ್ಲಿ ಹಿರಿಯವನು ಕಾರು ಬಿಟ್ಟು ಯುದ್ಧದ ಆಟಕ್ಕೆ ಹೋಗಿದ್ದ. ನೂರು ಜನ ಮೈದಾನಕ್ಕೆ ಇಳಿಯುವುದು, ಕೊನೆಗೆ ಉಳಿದವನು ಗೆಲ್ಲುವುದು. ಗೆದ್ದರೆ ರ‍್ಯಾಂಕ್ ಏರುತ್ತದೆ, ಬೇಗ ಸತ್ತರೆ ಇಳಿಯುತ್ತದೆ. ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಅವನ ಅಂಕಗಳೂ ಇಳಿದವು. ಒಂದು ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದ ಅವ್ವನಿಗೆ ಹೊದಿಕೆಯೊಳಗೆ ಬೆಳಕು ಕಂಡಿತು. ಅಪ್ಪ ಎದ್ದು ಬಂದವನೇ ಮೊಬೈಲ್ ಕಸಿದು ನೆಲಕ್ಕೆ ಅಪ್ಪಳಿಸಲು ಕೈ ಎತ್ತಿದ. ಅವ್ವ ಆ ಕೈ ಹಿಡಿದಳು. ಹುಡುಗ ಅಳುತ್ತಿದ್ದ. "ರ‍್ಯಾಂಕ್ ಹೋತಪ್ಪಾ, ಒಂದ ಸಲ ವಾಪಸ್ ತಗೋತೀನಿ" ಎಂಬುದೊಂದೇ ಅವನ ಮಾತು.

ಅವನೀಗ ಗೆಲ್ಲಲು ಆಡುತ್ತಿರಲಿಲ್ಲ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ಆಡುತ್ತಿದ್ದ. ಇದರ ಹಿಂದೆ ಒಂದಿಷ್ಟು ವಿಜ್ಞಾನವೂ ಇದೆ. 1998ರಲ್ಲಿ ಲಂಡನ್ನಿನ ಸಂಶೋಧಕರು, ಟ್ಯಾಂಕ್ ನಡೆಸುವ ವಿಡಿಯೋ ಗೇಮ್ ಆಡುವವರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಬಿಡುಗಡೆ ಹೆಚ್ಚುವುದನ್ನು ತೋರಿಸಿದರು. ಅದಕ್ಕೂ ಮೊದಲೇ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಗುವ ಪಾರಿವಾಳಕ್ಕಿಂತ, ಯಾವಾಗಲೋ ಒಮ್ಮೆ ಸಿಗುವ ಪಾರಿವಾಳವೇ, ಕಾಳು ನಿಂತ ಮೇಲೂ ಹೆಚ್ಚು ಹೊತ್ತು ಕುಕ್ಕುತ್ತದೆ. 'ಇನ್ನೊಂದೇ ಸಲ' ಎಂಬ ಮಾತಿನ ಗುಟ್ಟು ಇದೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ, 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳೂ ಸೇರಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಗಳಿಗಿಂತ ಆಟವೇ ದೊಡ್ಡದಾಗುವುದು, ಹಾನಿಯಾದರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಇದು ಒಂದು ವರ್ಷದಷ್ಟು ಕಾಲ ಮುಂದುವರಿದರೆ ಮಾತ್ರ ಕಾಯಿಲೆ ಎನ್ನುತ್ತಾರೆ. ಆಡುವ ಹುಡುಗರೆಲ್ಲ ರೋಗಿಗಳಲ್ಲ. ಹಾಗೆಂದು ಲಕ್ಷಣ ಕಂಡಾಗ ವರ್ಷವಿಡೀ ಕಾಯುತ್ತ ಕೂಡಬೇಕಾಗಿಲ್ಲ. ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಮನೋವೈದ್ಯರ ಸಲಹೆ ಕೇಳಬಹುದು.

ಈ ಮನೆಯಲ್ಲಿ ಮೊದಲು ನೆರವಿಗೆ ಬಂದವನು ಅಜ್ಜ. ಮರುದಿನ ಸಂಜೆ ಕಟ್ಟೆಯ ಮೇಲೆ ಇದ್ದಲಿಯಿಂದ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆ ಹಿಡಿದು ಮೊಮ್ಮಗನನ್ನು ಕರೆದ. ಚೌಕಾಬಾರ ಗೊತ್ತಲ್ಲ? ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜ ಹುಡುಗನ ಕಾಯಿ ಕಡಿದ. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಕವಡೆಗಳನ್ನು ರಪ್ಪನೆ ಎಸೆದ. ಒಂದು ಗಟಾರಕ್ಕೆ ಬಿತ್ತು.

ಅಜ್ಜ ಬಯ್ಯಲಿಲ್ಲ. ಕವಡೆ ತೊಳೆದು ತಂದು ಧೋತರದ ಅಂಚಿನಿಂದ ಒರೆಸಿದ. "ತಮ್ಮಾ, ಸಿಟ್ಟಿನ್ಯಾಗ ಕವಡಿ ಮುಟ್ಟಬಾರದು. ಸಿಟ್ಟು ಇಳದ ಮ್ಯಾಲೆ ಬಾ. ಆಟ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದ.

ಆ ಮಾತೇ ಮನೆಯ ಕಾಯಿದೆಯಾಯಿತು. ಎರಡು ಸಲ ಸೋತರೆ ಆ ದಿನದ ಆಟ ಬಂದ್. ರಾತ್ರಿ ಒಂಬತ್ತಕ್ಕೆ ಮೊಬೈಲ್ ಅವ್ವನ ವಶ. ಮೊದಲ ವಾರ ಜಗಳವಾಯಿತು, ಹುಡುಗ ಎರಡು ಸಲ ಮಾತು ಮುರಿದ. ಬರಬರುತ್ತ ಸೋತಾಗ ತಾನೇ ಮೊಬೈಲ್ ಇಟ್ಟು ಎದ್ದುಹೋಗುವುದನ್ನು ಕಲಿತ. ಮುಂದಿನ ಪರೀಕ್ಷೆಯಲ್ಲಿ ಪವಾಡವೇನೂ ನಡೆಯಲಿಲ್ಲ. ಅಂಕ ಸ್ವಲ್ಪ ಏರಿತು, ನಿದ್ದೆ ಮರಳಿತು.

ಬದಲಾದವನು ಅಪ್ಪ ಕೂಡ. 'ಎಷ್ಟು ತಾಸು ಆಡಿದಿ' ಎಂದಷ್ಟೇ ಕೇಳುತ್ತಿದ್ದವನು ಒಂದು ಭಾನುವಾರ ಕಿರಿಯವನ ಪಕ್ಕದಲ್ಲಿ ಕುಳಿತು, "ಹೆಂಗ ಆಡ್ತಿ, ತೋರ್ಸು ನೋಡೋಣ" ಎಂದ. ಹುಡುಗ ಎಂದಿನಂತೆ ಕಾರು ಹಿಂದಕ್ಕೆ ತಿರುಗಿಸಿದ. ಹುಲ್ಲು ದಾಟಿತು, ಗುಡ್ಡದ ಬುಡ ಬಂತು. ಅಲ್ಲಿ ಕಾರು ಏನಕ್ಕೋ ಬಡಿದು ನಿಂತಿತು.

"ಇಲ್ಲೊಂದ ಗ್ವಾಡಿ ಐತಪ್ಪಾ, ಕಣ್ಣಿಗೆ ಕಾಣಂಗಿಲ್ಲ. ಆಟ ಮಾಡಿದವರು ಇಲ್ಲೀತನಾ ಅಷ್ಟ ಮಾಡ್ಯಾರ. ಸುತ್ತಲೂ ಹುಡುಕೀನಿ, ಒಂದ ಕಡೆ ಸಂದಿ ಐತಿ."

ಹೊಲಕ್ಕೆ ಕರೆದೊಯ್ದಾಗ ಹಳ್ಳದ ಸೆಲೆ ಎಲ್ಲಿದೆ, ಯಾವ ಬದುವಿನಲ್ಲಿ ಗೀಜಗನ ಗೂಡಿದೆ ಎಂದು ಮೊದಲು ಹೇಳುವವನೂ ಇವನೇ ಎಂಬುದು ಅಪ್ಪನಿಗೆ ಆಗ ನೆನಪಾಯಿತು. ಕನ್ನಡಕ ಸರಿಪಡಿಸಿಕೊಂಡು ಮಗನ ಹತ್ತಿರಕ್ಕೆ ಸರಿದ.

"ಸಂದಿ ಎಲ್ಲೈತಿ? ಅದರಾಚೆ ಏನೈತಿ?"