ಮದಕರಿ ಸಾಯ್ತಾನೆ

ಬೆಳಿಗ್ಗೆ ಕಾಫಿಯ ಜೊತೆ ‘ದುರ್ಗಾಸ್ತಮಾನ’ ಹಿಡಿದು ಕೂತೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪ್ರತಿ. ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯ ಮೊಹರು ಅರ್ಧಕ್ಕರ್ಧ ಅಳಿಸಿಹೋಗಿದೆ, ಬೆನ್ನಿಗೆ ಕಂದು ಕಾಗದ ಅಂಟಿಸಿದ್ದಾರೆ. ರಟ್ಟು ತೆರೆದರೆ ತ.ರಾ.ಸು. ಅವರ ಹೆಸರಿನ ಕೆಳಗೇ ಯಾರೋ ಪುಣ್ಯಾತ್ಮ ನೀಲಿ ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದಾನೆ: ‘ಕೊನೆಗೆ ಮದಕರಿ ಸಾಯ್ತಾನೆ.’ ಅನುಮಾನಕ್ಕೆ ಎಡೆ ಇರಬಾರದೆಂದು ಕೆಳಗೆ ಎರಡು ಗೆರೆ ಬೇರೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಯವಳಿಗೆ ತೋರಿಸಿದೆ. ಅವಳು ಸೊಪ್ಪು ಬಿಡಿಸುತ್ತಾ, “ಅಲ್ರೀ, ಪುಸ್ತಕದ ಹೆಸರೇ ದುರ್ಗಾಸ್ತಮಾನ. ಇನ್ನೇನು ಮದಕರಿಗೆ ಮದುವೆ ಮಾಡಿ ಮುಗಿಸ್ತಾರೆ ಅಂದ್ಕೊಂಡಿದ್ರಾ?” ಅಂದಳು.

ಮಾತು ಸರಿಯೇ. 1779ರಲ್ಲಿ ಹೈದರಾಲಿ ಮದಕರಿಯ ಚಿತ್ರದುರ್ಗ ಹಿಡಿದದ್ದು ಇಸ್ಕೂಲಿಗೆ ಹೋಗುವ ಮಕ್ಕಳಿಗೂ ಗೊತ್ತು. ನಮಗೆ ಗೊತ್ತಿದೆ ಅನ್ನುವುದು ತ.ರಾ.ಸು. ಅವರಿಗೂ ಗೊತ್ತಿತ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಅಂತ ದುರ್ಗದ ನಾಯಕರ ಕಥೆಯನ್ನು ಒಂದೊಂದಾಗಿ ಹೇಳುತ್ತಾ ಬಂದವರು, ಕೋಟೆ ಬೀಳುವ ಕಥೆಯನ್ನು ಪುಸ್ತಕ ಮಾಡಿ ನಮ್ಮ ಕೈಗೆ ಕೊಡುವ ಹೊತ್ತಿಗೆ 1982 ಆಗಿತ್ತು. ಇನ್ನೆರಡು ವರ್ಷಕ್ಕೆ ತಾವೇ ಹೊರಟುಬಿಟ್ಟರು. ಆ ಪುಸ್ತಕಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕೈಚಾಚುವುದಕ್ಕೆ ಅವರಿರಲಿಲ್ಲ.

ಆದರೂ ಸಿಟ್ಟು ಇಳಿಯಲಿಲ್ಲ. ಗೊತ್ತಿರುವುದು ಬೇರೆ, ಬಾಗಿಲಲ್ಲೇ ನಿಂತು ಯಾರೋ ಹೇಳಿಬಿಡುವುದು ಬೇರೆ. ನಮ್ಮ ಸಾತನೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡದೆ ಬೆಳೆದವರು ಕಡಿಮೆ. ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಪಾತ್ರಕ್ಕೆ ಇಷ್ಟೆಂದು ದುಡ್ಡು ಕಟ್ಟಿ ದುರ್ಯೋಧನನಾಗುವ ಊರ ಗೌಡರು. ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಟ ಅಂದರೆ ಚಾಪೆಯ ಮೇಲೆ ಕೂತ ಮುದುಕಿಯೊಬ್ಬಳು, “ಬ್ಯಾಡ ಕಣೋ ಮಗ, ಒಳಿಕ್ ಓಗ್ಬ್ಯಾಡ!” ಅಂತ ಕೂಗಿದ್ದನ್ನು ನಾನು ಹುಡುಗನಾಗಿದ್ದಾಗ ಕೇಳಿದ್ದೇನೆ. ಅವಳು ಆ ನಾಟಕವನ್ನು ಎಷ್ಟು ಸಲ ನೋಡಿದ್ದಳೋ! ಅವನು ಹೋಗೇ ಹೋಗುತ್ತಾನೆ, ಸತ್ತೇ ಸಾಯುತ್ತಾನೆ. ಸತ್ತ ಮೇಲೆ ಯಾರೋ ‘ಒನ್ಸ್ ಮೋರ್’ ಅಂದರೆ ಎದ್ದು, ಮೈಯ ಧೂಳು ಕೊಡವಿಕೊಂಡು, ಸಾಯುವ ಮುಂಚಿನ ಪದವನ್ನು ಇನ್ನೊಮ್ಮೆ ಹಾಡಿ ಮತ್ತೆ ಬೀಳುತ್ತಾನೆ. ಚಾರಿತ್ರಿಕ ಕಾದಂಬರಿಯ ಓದುಗರಾದ ನಾವೆಲ್ಲ ಆ ಮುದುಕಿಯ ವಂಶದವರೇ. ಮುಂದೇನಾಯಿತು ಅಂತ ತಿಳಿಯುವುದಕ್ಕೆ ಬರುವವರಲ್ಲ. ಆಗಿಹೋದದ್ದನ್ನು ಇನ್ನೊಂದು ಸ್ವಲ್ಪ ತಡೆದು ನಿಲ್ಲಿಸಪ್ಪಾ ಅಂತ ಕೇಳಿಕೊಳ್ಳಲು ಬರುವವರು.

ಇದು ಎಲ್ಲರಿಗೂ ಹೊಳೆಯುವಂಥದ್ದು, ಇರಲಿ. ನನ್ನ ತಲೆ ಕೆಡಿಸಿದ್ದು ಬಾಲ್‌ಪೆನ್ನು.

ಹಳೆಯ ಲೈಬ್ರರಿ ಪುಸ್ತಕಗಳ ಅಂಚಿನಲ್ಲಿ ಗೀಚಿದ್ದನ್ನು ಓದುವ ಚಟ ನನಗೆ ಮೊದಲಿಂದಲೂ ಇದೆ. ಸಾಮಾಜಿಕ ಕಾದಂಬರಿಗಳ ಅಂಚು ಸಪ್ಪೆ. ‘ಸೂಪರ್’, ‘ಬೋರ್’, ಒಂದು ಹೃದಯ, ಅದಕ್ಕೊಂದು ಬಾಣ, ಅಷ್ಟೇ. ಚಾರಿತ್ರಿಕ ಕಾದಂಬರಿಯ ಅಂಚಿಗೆ ಬಂದರೆ ಅಲ್ಲೊಂದು ಕೋರ್ಟೇ ನಡೆಯುತ್ತಿರುತ್ತದೆ. ‘ರಕ್ತರಾತ್ರಿ’ಯ ಒಂದು ಪ್ರತಿಯಲ್ಲಿ ದಳವಾಯಿ ಮುದ್ದಣ್ಣನ ಹೆಸರು ಬಂದಲ್ಲೆಲ್ಲ ಒಬ್ಬರು ಪೆನ್ಸಿಲಿನಲ್ಲಿ ‘ನಾಯಿ’ ಅಂತ ಬರೆದಿದ್ದಾರೆ. ಅಕ್ಷರ ದುಂಡಗಿದೆ, ಮನೆಯಲ್ಲಿ ಮೆತ್ತಗೆ ಮಾತಾಡುವವರ ಅಕ್ಷರ. ಹತ್ತು ಪುಟ ಆದ ಮೇಲೆ ಇನ್ನೊಬ್ಬರು ಹಸಿರು ಇಂಕಿನಲ್ಲಿ, ‘ನಾಯಿಯನ್ನು ಅವಮಾನಿಸಬೇಡಿ’ ಅಂದಿದ್ದಾರೆ. ಮೂರನೆಯವರು ಕೆಂಪು ಇಂಕಿನವರು, ರಿಟೈರ್ಡ್ ಹೆಡ್‌ಮಾಸ್ಟರ್ ಇರಬೇಕು. ಇಬ್ಬರ ಕಾಗುಣಿತವನ್ನೂ ತಿದ್ದಿದ್ದಾರೆ. ಇಷ್ಟು ಶ್ರದ್ಧೆಯ ವಿಮರ್ಶೆಯನ್ನು ಯಾವ ವಿಚಾರ ಸಂಕಿರಣದಲ್ಲೂ ನಾನು ಕೇಳಿಲ್ಲ. ಅಲ್ಲಿ ಊಟ ಚೆನ್ನಾಗಿರುತ್ತದೆ, ಆ ಮಾತು ಬೇರೆ.

ದುಃಖವೇನೆಂದರೆ ಇದ್ಯಾವುದೂ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಲೇಖಕರಿಗೆ ಸಿಗುವುದು ಶಾಲು, ಹಾರ, ಫಲತಾಂಬೂಲ, ‘ತಮ್ಮ ಕೃತಿ ನನ್ನ ಬದುಕನ್ನೇ ಬದಲಿಸಿತು’ ಅನ್ನುವ ಕಾಗದ. ಭಕ್ತರ ಕಾಗದದಿಂದ ಲೇಖಕರಿಗೆ ಏನೂ ತಿಳಿಯುವುದಿಲ್ಲ. ಬೈದವನ ಪೆನ್ಸಿಲಿನಿಂದ, ಮುದ್ದಣ್ಣ ಎಷ್ಟು ಚೆನ್ನಾಗಿ ಜೀವ ತಳೆದಿದ್ದಾನೆ ಅಂತ ತಿಳಿಯುತ್ತದೆ. ನನ್ನ ಕೈಗೆ ಅಧಿಕಾರ ಕೊಟ್ಟರೆ ಒಂದೇ ಒಂದು ಕಾನೂನು ಮಾಡುತ್ತೇನೆ: ಲೈಬ್ರರಿಯಲ್ಲಿ ಸವೆದು ಹಾಳೆ ಉದುರುವ ಪ್ರತಿಯನ್ನು ತೂಕಕ್ಕೆ ಹಾಕಬಾರದು, ಲೇಖಕರ ಮನೆಗೆ ಪೋಸ್ಟ್ ಮಾಡಬೇಕು. ಅಂಚೆ ವೆಚ್ಚ ಸರ್ಕಾರದ್ದು. ಪ್ರಶಸ್ತಿಯ ದುಡ್ಡಿನಲ್ಲಿ ಹಿಡಿದುಕೊಂಡರೂ ಸರಿ. ತೀರಿಹೋದವರಾದರೆ ಮಕ್ಕಳು ಇಸಕೊಂಡು ರುಜು ಹಾಕಬೇಕು. ಮಕ್ಕಳೂ ಇಲ್ಲದಿದ್ದರೆ ನನಗೆ ಕಳಿಸಲಿ, ಸಾತನೂರು ಸರ್ಕಲ್ಲಿನಲ್ಲಿ ಇಳಿಸಿದರೆ ಸಾಕು.

ಗಳಗನಾಥರಿಗೆ ಈ ಕಾನೂನು ಬೇಕಾಗಿರಲಿಲ್ಲ. ‘ಮಾಧವ ಕರುಣಾ ವಿಲಾಸ’ದಂಥ ದಪ್ಪ ದಪ್ಪ ಕಾದಂಬರಿ ಬರೆದದ್ದಲ್ಲದೆ, ತಮ್ಮ ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಮಹಾನುಭಾವರು ಅವರು. ಹಿಂದಿನ ಸಲ ಕೊಟ್ಟ ಪುಸ್ತಕದ ಬಗ್ಗೆ ಓದುಗ ಕಟ್ಟೆಯ ಮೇಲೆ ಕೂತು ತಕರಾರು ತೆಗೆದಾಗ ಅವರು ಏನು ಹೇಳುತ್ತಿದ್ದಿರಬಹುದು? ಬಿಸಿಲಲ್ಲಿ ಬಂದಿದ್ದಾರೆ, ಕುಡಿಯಲು ನೀರು ಕೊಟ್ಟವನೇ ಎದುರು ಕೂತು ವಿದ್ಯಾರಣ್ಯರ ವಿಷಯಕ್ಕೆ ಜಗಳ ಕಾಯುತ್ತಿದ್ದಾನೆ. ಎದ್ದು ಹೋಗುವ ಹಾಗೂ ಇಲ್ಲ, ಇನ್ನೂ ಒಂದು ಪ್ರತಿ ಮಾರಬೇಕು. ಈಗಿನ ಲೇಖಕರಿಗೆ ಇಂಥ ಭಾಗ್ಯ ಎಲ್ಲಿ!

ಹೊರದೇಶದಲ್ಲೂ ಇಂಥ ಓದುಗರಿದ್ದಾರೆ. ಇಟಲಿಯ ಉಂಬರ್ಟೊ ಎಕೋ ಒಂದು ಕಾದಂಬರಿಯಲ್ಲಿ ತನ್ನ ಪಾತ್ರವೊಂದನ್ನು 1984ರ ಜೂನ್ 23ರ ರಾತ್ರಿ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಸಿದ. ಒಬ್ಬ ಓದುಗ ಲೈಬ್ರರಿಗೆ ಹೋಗಿ ಆ ದಿನದ ಹಳೆಯ ಪತ್ರಿಕೆಗಳನ್ನೆಲ್ಲ ತೆಗೆಸಿ ನೋಡಿ, ಆ ರಾತ್ರಿ ಅದೇ ಬೀದಿಯ ಮೂಲೆಯಲ್ಲಿ ಬೆಂಕಿ ಬಿದ್ದಿತ್ತು, ನಿಮ್ಮವನ ಕಣ್ಣಿಗೆ ಅದು ಹೇಗೆ ಬೀಳಲಿಲ್ಲ ಅಂತ ಕಾಗದ ಬರೆದ. ಎಕೋ ಈ ಕಥೆಯನ್ನು ತಾನೇ ಹೇಳಿಕೊಂಡು ನಕ್ಕಿದ್ದಾನೆ. ನಾನಾಗಿದ್ದರೆ ಆ ಓದುಗನ ಕಾಲಿಗೆ ಬೀಳುತ್ತಿದ್ದೆ.

ಅಂಥವರೊಬ್ಬರು ನಮ್ಮಲ್ಲೂ ಇದ್ದಾರೆ. ರೇಷ್ಮೆ ಸಾಕುವ ಯಜಮಾನರು. ಹೆಸರು ಹಾಕಿದರೆ ಬೈಯುತ್ತಾರೆ, ಬೇಡ. ಹುಳ ಜ್ವರಕ್ಕೆ ಕೂತ ಹೊತ್ತೇ ಅವರಿಗೆ ಓದುವ ಹೊತ್ತು. ಆಗ ಹುಳ ಸೊಪ್ಪು ಮುಟ್ಟುವುದಿಲ್ಲ, ಮನುಷ್ಯನಿಗೂ ಬಿಡುವು. ಜ್ವರ ಎದ್ದವೆಂದರೆ ಮುಗಿಯಿತು, ಹಗಲು ರಾತ್ರಿ ಸೊಪ್ಪು ಹಾಕಬೇಕು, ಕಾದಂಬರಿಯ ರಾಜ ಎಲ್ಲಿದ್ದಾನೋ ಅಲ್ಲೇ ಕತ್ತಿ ಎತ್ತಿಕೊಂಡು ಇನ್ನೊಂದು ಜ್ವರದವರೆಗೆ ನಿಂತಿರಬೇಕು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಓದಿ ಮುಗಿಸಿದ ಮೇಲೆ ಅವರು ನನ್ನ ಹತ್ತಿರ ಬಂದು ಕೇಳಿದ್ದು ಶಾಂತಲೆಯ ನೃತ್ಯದ ವಿಚಾರವಲ್ಲ, ತ್ಯಾಗದ ವಿಚಾರವೂ ಅಲ್ಲ.

“ಮೇಷ್ಟ್ರೇ, ಆವಾಗ ಮೆಣಸಿನಕಾಯಿ ಇತ್ತಾ?”

ಇರಲಿಲ್ಲ, ಅದು ಪೋರ್ಚುಗೀಸರು ಬಂದ ಮೇಲೆ ಬಂದದ್ದು, ಹೊಯ್ಸಳರದು ಅದಕ್ಕೆ ನಾನೂರು ವರ್ಷ ಹಿಂದಿನ ಮಾತು ಅಂದೆ.

“ಅಂಗಾರೆ ಸಾರ್ಗೆ ಏನಾಕ್ತಿದ್ರು?”

ಕಾಳುಮೆಣಸು ಅಂದೆ. ಯಜಮಾನರು ತಲೆ ಆಡಿಸಿ ಹೊರಟುಹೋದರು. ವಿಷ್ಣುವರ್ಧನನ ಬಗ್ಗೆ ಅವರಿಗಿದ್ದ ಗೌರವ ಸ್ವಲ್ಪ ಇಳಿದಂತೆ ಕಂಡಿತು.

ಇದೇ ಯಜಮಾನರು ಮಗನ ಮೋಟಾರ್ ಬೈಕಿನಲ್ಲಿ ಮಾಗಡಿ ದಾಟಿ ಶಿವಗಂಗೆಗೂ ಹೋಗಿಬಂದರು. ಅಲ್ಲಿ ಬೆಟ್ಟದ ತುದಿಯಲ್ಲಿ ಶಾಂತಲೆ ಧುಮುಕಿದ ಜಾಗ ಅಂತ ತೋರಿಸುತ್ತಾರೆ. ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುವುದು ನಿಜ. ಬೆಟ್ಟದಿಂದ ಧುಮುಕಿದಳು ಅನ್ನುವ ಮಾತು ಅದರಲ್ಲಿಲ್ಲ. ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ ಅಂತ ಸಂಪುಟ ಸಂಪುಟವಾಗಿ ಬರೆದು ಇನ್ನೊಬ್ಬ ಶಾಂತಲೆಯನ್ನು ಕಟ್ಟಿಕೊಟ್ಟರು. ಏನಾಯಿತು? ಜನ ಈಗಲೂ ಬಂಡೆಯ ಅಂಚಿಗೆ ಹೋಗಿ ಬಗ್ಗಿ ನೋಡುತ್ತಾರೆ. ಚಿತ್ರದುರ್ಗದಲ್ಲೂ ಇದೇ ಪಾಡು. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತವರಿಗೆ ನೆನಪಾಗುವುದು 1972ರ ‘ನಾಗರಹಾವು’ ಸಿನಿಮಾದ ಜಯಂತಿ. ನಮ್ಮ ರಾಮದೇವರ ಬೆಟ್ಟಕ್ಕೆ ಬಂದವರು ರಾಮನನ್ನು ಬಿಟ್ಟು ಗಬ್ಬರ್ ಸಿಂಗ್ ಎಲ್ಲಿ ಕೂತಿದ್ದ ಅಂತ ಕೇಳುತ್ತಾರೆ. ಫ್ರಾನ್ಸಿನ ಮಾರ್ಸೇ ಬಂದರಿನ ಎದುರು ಷಾಟೊ ದಿಫ್ ಅನ್ನುವ ಸೆರೆಮನೆ ದ್ವೀಪವಿದೆ. ಅಲ್ಲಿ ಡ್ಯೂಮಾನ ಮಾಂಟೆಕ್ರಿಸ್ಟೋ ಕಾದಂಬರಿಯ ನಾಯಕ ಇದ್ದ ಕೋಣೆಯನ್ನು ತೋರಿಸುತ್ತಾರೆ. ಪಕ್ಕದ ಕೋಣೆ ಫಾರಿಯಾ ಪಾದ್ರಿಯದು. ಆ ಹೆಸರಿನ ನಿಜವಾದ ಪಾದ್ರಿ ಒಬ್ಬ ಇದ್ದ, ನಮ್ಮ ನೆರೆಯ ಗೋವಾದವನು. ಪಣಜಿಯಲ್ಲಿ ಅವನ ಪ್ರತಿಮೆ ಇದೆ. ಆ ಕೋಣೆಯಲ್ಲಿ ಡ್ಯೂಮಾ ಹೇಳಿದ ಹಾಗೆ ಯಾವ ಕೈದಿಯೂ ಇರಲಿಲ್ಲ. ಆದರೂ ಇಲ್ಲದ ಕೈದಿಯ ಕೋಣೆ ನೋಡಲು ಜನ ದೋಣಿ ಹತ್ತಿ ಹೋಗುತ್ತಾರೆ.

ಇಲ್ಲಿಗೆ ಬಂದಾಗ ನನ್ನ ಹೊಟ್ಟೆ ಉರಿಯುತ್ತದೆ. ನಮ್ಮ ಸಾತನೂರಿನ ಪಕ್ಕದಲ್ಲೇ ಕಬ್ಬಾಳದುರ್ಗವಿದೆ. ಕಬ್ಬಾಳಮ್ಮನಿಗೆ ಹರಕೆ ಹೊತ್ತು ಬರುವವರಿಗೆ ಲೆಕ್ಕವಿಲ್ಲ. ತಲೆ ಎತ್ತಿದರೆ ಬೆಟ್ಟ, ಆ ಬೆಟ್ಟ ಹಿಂದೆ ಮೈಸೂರಿನವರ ಸೆರೆಮನೆಯಾಗಿತ್ತು. 1732ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರನ್ನು ದಳವಾಯಿ ದೇವರಾಜಯ್ಯನ ಕಡೆಯವರು 1734ರಲ್ಲಿ ಕೆಳಗಿಳಿಸಿ, ರಾಣಿಯ ಸಮೇತ ಇದೇ ಬೆಟ್ಟಕ್ಕೆ ಕಳಿಸಿದರು. ಅವರ ಜಾಗಕ್ಕೆ ಇನ್ನೂ ಹಲ್ಲು ಬೀಳದ ಮಗುವೊಂದನ್ನು ತಂದು ಕೂರಿಸಿ, ಇಮ್ಮಡಿ ಕೃಷ್ಣರಾಜ ಅಂತ ಕರೆದರು. ಚಾಮರಾಜರು ಇಲ್ಲಿಯ ಹವೆಗೂ ಕೆಟ್ಟ ಊಟಕ್ಕೂ ಸೋತು ಪ್ರಾಣ ಬಿಟ್ಟರು ಅಂತ ಹಳೆಯ ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತವೆ.

ಅಷ್ಟೇ. ನಾನು ಓದಿದ ಯಾವ ಕಾದಂಬರಿಗೂ ಇವರು ನಾಯಕರಲ್ಲ. ಮದಕರಿಗೆ ತ.ರಾ.ಸು. ಸಿಕ್ಕರು, ಕೊಡಗಿನ ಚಿಕವೀರರಾಜನಂಥ ಚಿಕವೀರರಾಜನಿಗೂ ಮಾಸ್ತಿ ಸಿಕ್ಕಿದರು. ನಮ್ಮ ಬೆಟ್ಟದ ಈ ಬಡಪಾಯಿ ರಾಜನಿಗೆ ಯಾರೂ ಸಿಗಲಿಲ್ಲ. ಹಾಗಾಗಿ ಅವರಿಗೆ ಕೋಣೆಯಿಲ್ಲ, ಕಿಂಡಿಯಿಲ್ಲ, ಧುಮುಕಿದ ಜಾಗವಿಲ್ಲ, ಅಂಚಿನಲ್ಲಿ ‘ಅಯ್ಯೋ ಪಾಪ’ ಅಂತ ಬರೆಯುವ ಪೆನ್ಸಿಲೂ ಇಲ್ಲ. ದಳವಾಯಿಯನ್ನು ನಾಯಿ ಅನ್ನುವವರಂತೂ ಇಲ್ಲವೇ ಇಲ್ಲ.

ಈ ಸಂಕಟವನ್ನು ಇವತ್ತು ಟೀ ಅಂಗಡಿಯಲ್ಲಿ ಸಿಕ್ಕ ಯಜಮಾನರ ಮುಂದೆ ತೋಡಿಕೊಂಡೆ. ಅವರು ಪೂರ್ತಿ ಕೇಳಿದರು. ಬೀಡಿ ಆರಿತ್ತು, ಮತ್ತೆ ಹಚ್ಚಿಕೊಂಡರು.

“ಕೆಟ್ಟ ಊಟ ಅಂದ್ರೆ ಏನೂಟ?”

ಪುಸ್ತಕದಲ್ಲಿ ಬರೆದಿಲ್ಲ ಅಂದೆ.

“ಮುದ್ದೆ ಕೊಟ್ಟಿರ್ತಾರೆ. ಅರಮನೇಲಿ ಅನ್ನ ಉಂಡೋರು, ಮುದ್ದೇನ ಕೆಟ್ಟ ಊಟ ಅಂದವ್ರೆ. ನಿಮ್ ಇತಿಹಾಸ ಬರ್ದೋರ್ಗೂ ಮುದ್ದೆ ಗೊತ್ತಿರ್ನಿಲ್ಲ ಅನ್ಸುತ್ತೆ.”

ಇತಿಹಾಸದ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಊಹೆಯನ್ನು ನಾನು ಈಚೆಗೆ ಕೇಳಿಲ್ಲ. ಸಾರು ಯಾವುದಿರಬಹುದು ಅಂದೆ. ಅಷ್ಟು ಎತ್ತರಕ್ಕೆ ತರಕಾರಿ ಹೊತ್ತುಕೊಂಡು ಹೋಗುವವರು ಯಾರು, ಬೆಟ್ಟದ ಬುಡದಲ್ಲಿ ಬೆಳೆದ ಬೆರಕೆ ಸೊಪ್ಪೇ ಗತಿ ಅಂದರು. ಅಣ್ಣೆಸೊಪ್ಪು, ಹೊನಗೊನೆ, ಕೀರೆ ಅಂತ ಬೆರಳು ಮಡಿಸತೊಡಗಿದರು. ಟೀ ಅಂಗಡಿಯವನು ಗಣಿಕೆ ಸೊಪ್ಪನ್ನು ಬಿಟ್ಟಿರಲ್ಲ ಅಂತ ಒಳಗಿನಿಂದ ಕೂಗಿದ. ಗಣಿಕೆ ಕಹಿ, ರಾಜನಿಗೆ ಹಾಕಲ್ಲ ಅಂದರು ಇವರು. ಸೆರೆಯಲ್ಲಿರುವ ರಾಜನಿಗೆ ಅದನ್ನೇ ಹಾಕುವುದು ಅಂದ ಅವನು. ಮಾತು ಅಲ್ಲಿಂದ, ಯಾವ ಸೊಪ್ಪನ್ನು ಹೂ ಬಿಡುವ ಮೊದಲು ಕೀಳಬೇಕು, ಯಾವುದು ಮಳೆ ಬಿದ್ದ ಮೇಲೇ ಚೆನ್ನ, ಈಗ ಕಳೆನಾಶಕ ಹೊಡೆದು ಬದುವಿನ ಮೇಲೆ ಒಂದೆಲೆಯೂ ಸಿಗದಂತಾಗಿದೆ ಅನ್ನುವತ್ತ ತಿರುಗಿತು. ಅಣ್ಣೆಸೊಪ್ಪು ನಮ್ಮ ಕಡೆ ಕಂಡು ಯಾವ ಕಾಲವಾಯಿತೋ. ಹಲಗೂರಿನ ಸಂತೆಯಲ್ಲಿ ಮುದುಕಿಯೊಬ್ಬಳು ಈಗಲೂ ತರುತ್ತಾಳೆ, ಬೆಳಿಗ್ಗೆ ಬೇಗ ಹೋದರೆ ಸಿಗುತ್ತದೆ ಅಂತ ಟೀ ಅಂಗಡಿಯವನು ಹೇಳಿದ್ದಾನೆ.